ಮಗಳು ಹಾಕಿಯಲ್ಲಿ ಇಂಡಿಯಾಕ್ಕೆ ಆಡ್ತೀನಿ ಅಂತಾಳೆ, ಏನು ಮಾಡೋದು?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ):
ಕೋಚ್ ಸರ್, ನಮಸ್ಕಾರ. ಮಗಳಿಗೆ ಹನ್ನೆರಡು ತುಂಬಿದೆ, ಏಳನೇ ಕ್ಲಾಸು. ಶಾಲೆಯ ಮಣ್ಣಿನ ಮೈದಾನದಲ್ಲಿ ಎರಡು ವರ್ಷದಿಂದ ಹಾಕಿ ಆಡುತ್ತಿದ್ದಾಳೆ. 2024ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮ ಗಂಡಸರ ತಂಡಕ್ಕೆ ಕಂಚು ಬಂತಲ್ಲ, ಆವತ್ತಿಂದ ಒಂದೇ ಹಠ. ಅವರಪ್ಪ, ಅಡಿಕೆ ರೇಟಾದರೂ ನಂಬಬಹುದು, ಹಾಕಿ ನಂಬಬೇಡ ಅಂತಾರೆ. ಹದಿನೈದು ಸಾವಿರದ ಸ್ಟಿಕ್ ಬೇರೆ ಬೇಕಂತೆ. ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ (ಕೋಚ್, ಶಿವಮೊಗ್ಗ):
ಮೇಡಂ, ಮೊದಲೇ ಹೇಳಿಬಿಡುತ್ತೇನೆ, ನಾನು ಇಂಡಿಯಾ ತಂಡದ ಕ್ಯಾಂಪಿನ ತನಕ ಹೋಗಿ ವಾಪಸ್ ಬಂದವನು, ದೇಶದ ಶರ್ಟ್ ಹಾಕಲಿಲ್ಲ. ಹಾಗಾಗಿ ಆ ಬಾಗಿಲು ಎಷ್ಟು ಚಿಕ್ಕದು ಅಂತ ಚೆನ್ನಾಗಿ ಗೊತ್ತು. ಒಲಿಂಪಿಕ್ಸ್ ತಂಡ ಅಂದರೆ ಬರೀ 16 ಜನ. ಅಷ್ಟಾದರೂ ತಂಡವೇ ಅರ್ಹತೆ ಪಡೆಯಬೇಕಲ್ಲ? ಟೋಕಿಯೋದಲ್ಲಿ 4ನೇ ಸ್ಥಾನಕ್ಕೆ ಬಂದ ನಮ್ಮ ಹೆಣ್ಣುಮಕ್ಕಳ ತಂಡ ಪ್ಯಾರಿಸ್‌ಗೆ ಹೋಗಲೇ ಇಲ್ಲ.

ಸ್ಟಿಕ್ ವಿಷಯ ಬಿಡಿ, ಅದು ಸಣ್ಣದು. ಈಗಿರುವುದರಲ್ಲೇ ಆಡಲಿ. ಆ ದುಡ್ಡಲ್ಲಿ ಸ್ವಲ್ಪ ತೆಗೆದು ಕಾಲಿಗೆ ಶಿನ್ ಗಾರ್ಡ್, ಹಲ್ಲಿಗೆ ಮೌತ್ ಗಾರ್ಡ್ ಕೊಡಿಸಿ. ಚೆಂಡು 160 ಗ್ರಾಮಿನ ಹತ್ತಿರ ತೂಗುತ್ತದೆ, ಕಲ್ಲಿದ್ದ ಹಾಗೆ, ಹಲ್ಲಿಗೆ ಬಿದ್ದರೆ ಮುಗೀತು.

ನಿಜವಾದ ಸಮಸ್ಯೆ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ. ಮಣ್ಣಿನಲ್ಲಿ ಚೆಂಡು ಕುಪ್ಪಳಿಸುತ್ತದೆ, ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಮಕ್ಕಳಿಗೆ ಕೈ ಚೆನ್ನಾಗಿ ಕೂರುತ್ತದೆ, ಅದು ವೇಸ್ಟ್ ಅಲ್ಲ. ಆದರೆ ನೀರು ಹೊಡೆದ ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುವ ಸ್ಪೀಡೇ ಬೇರೆ, ಮಂಡಿ ಬಗ್ಗಿಸಿ ಕೆಳಗೆ ಕೂತೇ ಆಡಬೇಕು, ಹದಿನೇಳು ವರ್ಷದ ತನಕ ಮಣ್ಣಲ್ಲಿ ನೆಟ್ಟಗೆ ನಿಂತು ಆಡಿದವರಿಗೆ ಆ ಅಭ್ಯಾಸ ಬಿಡಿಸೋದು ಕಷ್ಟ, ನನಗೆ ಆದದ್ದೂ ಅದೇ. ದೊಡ್ಡವರನ್ನೂ ಅದು ಬಿಟ್ಟಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಟರ್ಫ್ ಬಂತು, ಅಲ್ಲಿಯ ತನಕ ಏಳು ಚಿನ್ನ ಗೆದ್ದಿದ್ದ ನಾವು 7ನೇ ಸ್ಥಾನಕ್ಕೆ ಬಿದ್ದೆವು.

ಅದಕ್ಕೇ ಎಂಟನೇ ಕ್ಲಾಸಿಗೆ ಕ್ರೀಡಾ ಇಲಾಖೆಯ ಕ್ರೀಡಾ ನಿಲಯದ ಸೆಲೆಕ್ಷನ್‌ಗೆ ಕಳಿಸಿ. ಹಾಕಿ ಅಂದರೆ ಕೊಡಗಿನ ಕಡೆಯೇ ನೋಡಬೇಕು, ಪೊನ್ನಂಪೇಟೆಯಲ್ಲಿ ಟರ್ಫ್ ಇದೆ. ಹದಿಮೂರಕ್ಕೆ ಮನೆ ಬಿಟ್ಟು ಹೋಗೋದು ಅಂದರೆ ತಾಯಿಗೆ ಸಂಕಟ, ಗೊತ್ತು. ಆದರೆ ಇಂಡಿಯಾ ತಂಡದ ನಾಯಕಿಯಾಗಿದ್ದ ರಾಣಿ ರಾಂಪಾಲ್ 2010ರ ವಿಶ್ವಕಪ್ ಆಡುವಾಗ ಅವರಿಗೆ 15 ವರ್ಷ. ಕ್ರೀಡಾ ನಿಲಯದಿಂದ ಮುಂದೆ ಸಬ್ ಜೂನಿಯರ್, ಜೂನಿಯರ್ ನ್ಯಾಷನಲ್ಸ್, ಅದರಲ್ಲಿ ಕಣ್ಣಿಗೆ ಬಿದ್ದರೆ ಕ್ಯಾಂಪು.

ಇನ್ನು ಹೊಟ್ಟೆಪಾಡು, ಅವರಪ್ಪನ ಚಿಂತೆ ಅದೇ ತಾನೆ. ಹುಡುಗಿಯರಿಗೆ ದೊಡ್ಡ ಆಸರೆ ರೈಲ್ವೆ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಇಂಡಿಯಾಕ್ಕೆ ಆಡದಿದ್ದರೂ ನ್ಯಾಷನಲ್ಸ್‌ನಲ್ಲಿ ಚೆನ್ನಾಗಿ ಆಡಿದರೆ ಆ ದಾರಿ ಇದೆ, ಆದರೆ ಅದಕ್ಕೂ ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸಾಗಿರಬೇಕು ಅಂತ ಅವರಪ್ಪನಿಗೆ ಹೇಳಿ, ಅವರು ಅಂದದ್ದು ಪೂರ್ತಿ ತಪ್ಪಲ್ಲ. ದುಡ್ಡು ಕೊಟ್ಟು ಆಡಿಸುವ ಹೆಣ್ಣುಮಕ್ಕಳ ಹಾಕಿ ಇಂಡಿಯಾ ಲೀಗ್ ಶುರುವಾಗಿದ್ದೇ 2025ರಲ್ಲಿ, ಅದನ್ನೇ ನಂಬಿ ಕೂರಬೇಡಿ. ಆಡುವ ಆಯುಷ್ಯವೂ ಕಡಿಮೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ 2007ರಿಂದ 2021ರ ತನಕ ಇಂಡಿಯಾಕ್ಕೆ ಆಡಿದರು, 260ಕ್ಕೂ ಜಾಸ್ತಿ ಪಂದ್ಯ. ಅಷ್ಟು ಎಲ್ಲರಿಗೂ ಸಿಗಲ್ಲ, ಮಂಡಿಯೋ ಸೊಂಟವೋ ಮೊದಲೇ ಕೈ ಕೊಡುತ್ತದೆ.

ಪ್ರಶ್ನೆ (ಸಾಗರದವರು):
ಇದರಲ್ಲೇ ಕೇಳ್ತೀನಿ ಸರ್. ನನ್ನ ಮಗ ಎಡಚ. ಎಡಗೈ ಸ್ಟಿಕ್ ಎಲ್ಲಿ ಸಿಗುತ್ತೆ?

ಉತ್ತರ (ಕೋಚ್):
ಎಲ್ಲೂ ಹುಡುಕಬೇಡಿ ಮಾರಾಯ್ರೆ, ನಿಯಮದಲ್ಲೇ ಇಲ್ಲ. ಎಲ್ಲರ ಸ್ಟಿಕ್ಕೂ ಒಂದೇ, ಎಡಬದಿ ಚಪ್ಪಟೆ, ಚಪ್ಪಟೆ ಬದಿಯಲ್ಲೇ ಆಡಬೇಕು. ಆದರೆ ಖುಷಿಪಡಿ, ಸ್ಟಿಕ್ ತಿರುಗಿಸುವ ಕೆಲಸ ಪೂರ್ತಿ ಮೇಲಿರುವ ಎಡಗೈಯದೇ, ಬಲಗೈ ಸುಮ್ನೆ ಆಸರೆಗೆ. ಬಲಗೈಯವರಿಗೆ ಎಡಗೈ ಪಳಗಿಸೋದಕ್ಕೆ ನಾನು ತಿಂಗಳುಗಟ್ಟಲೆ ಒದ್ದಾಡುತ್ತೇನೆ.

ಪ್ರಶ್ನೆ (ಅದೇ ತಾಯಿ):
ಅವರಪ್ಪನಿಗೆ ಓದಿ ಹೇಳಿದೆ ಸರ್. ಪಾಸಾಗಬೇಕು ಅನ್ನೋದೊಂದೇ ಅವರಿಗೆ ಕೇಳಿಸಿತು. ಈ ಭಾನುವಾರ ನಿಮ್ಮ ಹತ್ತಿರ ಕರೆದುಕೊಂಡು ಬರಲಾ? ಇಲ್ಲಿ ಮಳೆ ಬಿಟ್ಟಿಲ್ಲ.

ಉತ್ತರ (ಕೋಚ್):
ಬನ್ನಿ. ಟರ್ಫ್‌ಗೆ ನೀರು ಹೊಡೆದೇ ಆಡಿಸುತ್ತಾರೆ, ನಮಗಿಲ್ಲಿ ಅದೊಂದು ಪುಕ್ಕಟೆ. ಬರುವಾಗ ಗಣಿತದ ಪುಸ್ತಕವನ್ನೂ ತರಲಿ, ಅವರಪ್ಪನೂ ಬರುತ್ತಾರೆ ಅಲ್ವಾ.