ಸುಳ್ಳು ಹೇಳುವ ನಾಯಕನಿಂದ ಮಕ್ಕಳು ಏನು ಕಲಿಯಬಹುದು?

ಪ್ರಶ್ನೆ: ಓದುಗಿತ್ತಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆ ರಜೆಯಲ್ಲಿ ಮಾಂತ್ರಿಕರ ಶಾಲೆಯಲ್ಲಿ ಓದುವ ಹುಡುಗನ ಕಥೆಯಾದ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಕೈಗೆತ್ತಿಕೊಂಡವಳು ದಸರೆಯ ಹೊತ್ತಿಗೆ ಐದನೆಯದನ್ನು ಮುಗಿಸಿದ್ದಾಳೆ. ರಾತ್ರಿ ಊಟವಾದ ಮೇಲೆ ಅಂದು ಓದಿದ ಭಾಗವನ್ನು ನನ್ನ ತಂದೆಯವರಿಗೆ ಕನ್ನಡದಲ್ಲಿ ಹೇಳುವುದು ಅವಳ ರೂಢಿ. ನನ್ನ ತಂದೆ 36 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಗೋವಿನ ಹಾಡನ್ನು ಕಲಿಸುವಾಗ ಪುಣ್ಯಕೋಟಿ ಹುಲಿಯ ಬಳಿಗೆ ಮರಳಿ ಬರುವ ಜಾಗದಲ್ಲಿ ಪ್ರತಿ ವರ್ಷವೂ ಅವರ ಗಂಟಲು ಕಟ್ಟುತ್ತಿತ್ತು.

ಕೆಲವು ವಾರಗಳ ಹಿಂದೆ ಅವರು ಮೊಮ್ಮಗಳನ್ನು ನಿಲ್ಲಿಸಿ, "ಅಲ್ಲ ಪುಟ್ಟಿ, ನಿನ್ನ ಈ ಹುಡುಗ ಮೇಷ್ಟರಿಗೆ ಇಷ್ಟೊಂದು ಸುಳ್ಳು ಹೇಳುತ್ತಾನಲ್ಲ, ಅವನನ್ನು ಕೇಳುವವರು ಯಾರೂ ಇಲ್ಲವೇ?" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವ ಹಳೆಯ ಪದ್ಧತಿಯಲ್ಲಿ, ಹ್ಯಾರಿಯ ಸುಳ್ಳುಗಳನ್ನು ಗುರುತು ಹಾಕಿಕೊಳ್ಳಲು ತೊಡಗಿದರು. ಕಳೆದ ಭಾನುವಾರಕ್ಕೆ ಲೆಕ್ಕ 23 ಆಗಿದೆ. ಮಗಳಿಗೆ ಸಿಟ್ಟು ಬಂದಿದೆ.

ಈ ಸರಣಿಯಿಂದ ಕಲಿಯಬಹುದಾದ ಜೀವನಪಾಠಗಳು ಎಂದು ಎಲ್ಲರೂ ಸ್ನೇಹ, ಧೈರ್ಯ, ಪ್ರೀತಿಗಳ ಪಟ್ಟಿ ಕೊಡುತ್ತಾರೆ. ಅವುಗಳ ಬಗ್ಗೆ ನನ್ನ ತಕರಾರಿಲ್ಲ, ಆದರೆ ಅವು ಯಾವ ಕಥೆಯಿಂದಲೂ ಸಿಗುವಂಥವು. ನನ್ನ ತಂದೆಯವರ ಪ್ರಶ್ನೆಗೆ ಮಾತ್ರ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಸರಣಿಯನ್ನು ಚೆನ್ನಾಗಿ ಓದಿದವರು ಹೇಳುವಿರಾ?

ಉತ್ತರ 1: ಸೀಮೆಸುಣ್ಣ

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಿಮ್ಮ ತಂದೆಯವರ ಲೆಕ್ಕವನ್ನು ನಾನು ಪ್ರಶ್ನಿಸುವುದಿಲ್ಲ. ನಿಜ ಹೇಳಬೇಕೆಂದರೆ 23 ನನಗೆ ಕಡಿಮೆಯೆಂದೇ ತೋರಿತು. ಆದರೆ ಹುಡುಗ ಸುಳ್ಳು ಹೇಳಿದ್ದನ್ನು ಎಣಿಸುವವರು, ಅವನು ಸುಳ್ಳು ಹೇಳಲು ಒಪ್ಪದೆ ಕುಳಿತ ಸಂದರ್ಭವನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಅದು ನಿಮ್ಮ ಮಗಳು ಈಗಷ್ಟೇ ಮುಗಿಸಿರುವ, 2003ರಲ್ಲಿ ಪ್ರಕಟವಾದ ಐದನೆಯ ಪುಸ್ತಕದಲ್ಲಿದೆ.

ಕಥೆಯ ದುಷ್ಟ ಮಾಂತ್ರಿಕ ವಾಲ್ಡೆಮಾರ್ಟ್ ಮರಳಿ ಬಂದದ್ದನ್ನು ಹ್ಯಾರಿ ಕಣ್ಣಾರೆ ಕಂಡಿದ್ದಾನೆ. ಮಾಂತ್ರಿಕರ ಸರ್ಕಾರದ ಮಂತ್ರಿ ಫಜ್‌ಗೆ ಅದು ನಿಜವಾಗುವುದು ಬೇಕಿಲ್ಲ, ಆದ್ದರಿಂದ ಪತ್ರಿಕೆಯು ಹುಡುಗನನ್ನು ಪ್ರಚಾರದ ಹುಚ್ಚಿನವನೆಂದು ದಿನವೂ ಚುಚ್ಚುತ್ತದೆ. ಸರ್ಕಾರ ಕಳುಹಿಸಿದ ಅಧ್ಯಾಪಕಿ ಅಂಬ್ರಿಜ್ ತರಗತಿಯಲ್ಲಿಯೇ ಅದು ಸುಳ್ಳೆಂದು ಸಾರಿದಾಗ ಹ್ಯಾರಿ ಎದುರು ಮಾತನಾಡುತ್ತಾನೆ, ಶಿಕ್ಷೆಗೆ ಒಳಗಾಗುತ್ತಾನೆ. ಆ ಶಿಕ್ಷೆಯ ಕೋಣೆಯನ್ನು ನೆನಪಿಸಿಕೊಳ್ಳಿ: ಗೋಡೆಯ ತುಂಬ ಬೆಕ್ಕಿನ ಮರಿಗಳ ಚಿತ್ರದ ತಟ್ಟೆಗಳು, ಮೇಜಿನ ಮೇಲೆ ಒಂದು ಕರಿಯ ಲೇಖನಿ, ಮಸಿ ಇಲ್ಲ. "ನಾನು ಸುಳ್ಳು ಹೇಳಬಾರದು" ಎಂದು ಬರೆಯಬೇಕು. ಬರೆದದ್ದು ಕಾಗದದ ಮೇಲೆ ಅವನದೇ ರಕ್ತದಲ್ಲಿ ಮೂಡುತ್ತದೆ. ಅದೇ ಹೊತ್ತಿಗೆ ಅದೇ ಅಕ್ಷರಗಳು ಅವನ ಬಲಗೈಯ ಹಿಂಬದಿಯ ಚರ್ಮದಲ್ಲಿ ಕೊಯ್ದುಕೊಳ್ಳುತ್ತವೆ. ಮಾಯುತ್ತವೆ, ಮರಳಿ ಕೊಯ್ಯುತ್ತವೆ. ತನಗೆ ತಪ್ಪಾಗಿ ಕಂಡಿರಬಹುದು ಎಂದು ಒಮ್ಮೆ ಒಪ್ಪಿಕೊಂಡಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ರಾತ್ರಿ ಹಾಸಿಗೆ ಬಿಟ್ಟು ಅಲೆದದ್ದಕ್ಕೆ ಕ್ಷಣದಲ್ಲಿ ನೆಪ ಕಟ್ಟುವ ಹುಡುಗನಿಗೆ ಆ ಒಂದು ಸುಳ್ಳು ಮಾತ್ರ ಬಾಯಿಗೆ ಬರುವುದಿಲ್ಲ. ಅವನ ಪರವಾಗಿರುವ ಅಧ್ಯಾಪಕಿ ಮೆಕ್‌ಗೊನಗಲ್ ಕೂಡ ಗದರುತ್ತಲೇ ಬಿಸ್ಕತ್ತು ಕೊಟ್ಟು, ಬಾಯಿ ಮುಚ್ಚಿಕೊಂಡಿರು ಎಂಬ ಅರ್ಥದ ಬುದ್ಧಿವಾದವನ್ನೇ ಹೇಳುತ್ತಾಳೆ.

ಲೇಖಕಿ ಜೆ.ಕೆ. ರೋಲಿಂಗ್ ತಮ್ಮ ಇಪ್ಪತ್ತರ ಹರೆಯದಲ್ಲಿ ಲಂಡನ್ನಿನಲ್ಲಿ ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕಚೇರಿಯಲ್ಲಿ ಕೆಲಸ ಮಾಡಿದವರು. ನಿರಂಕುಶ ಆಡಳಿತಗಳ ಕೆಳಗೆ ಸಿಲುಕಿದವರು ಕದ್ದು ಸಾಗಿಸಿದ ಕಾಗದಗಳನ್ನು ಅಲ್ಲಿ ಓದಿದ ನೆನಪನ್ನು 2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಆ ಕಾಗದಗಳಿಗೂ ಅಂಬ್ರಿಜ್‌ಳ ಲೇಖನಿಗೂ ನಂಟಿದೆ ಎಂದು ನಾನು ಓದಿಕೊಳ್ಳುತ್ತೇನೆ. ಪುಣ್ಯಕೋಟಿಯನ್ನು ಹುಲಿ ನಂಬಿ ಕಳುಹಿಸಿತು. ಹ್ಯಾರಿಯನ್ನು ನಂಬುವವರು ಕೆಲವರೇ ಇದ್ದಾಗಲೂ ಅವನು ಮಾತು ಬದಲಿಸಲಿಲ್ಲ ಎಂಬುದನ್ನು ನಿಮ್ಮ ತಂದೆಯವರಿಗೆ ತಿಳಿಸಿ.

ಉತ್ತರ 2: ಒಪ್ಪದವ

ಮೇಲಿನವರ ಮಾತು ಚೆನ್ನಾಗಿದೆ, ಆದರೆ ಅದು ಅಜ್ಜನ ಪ್ರಶ್ನೆಯನ್ನು ಜಾಣತನದಿಂದ ಬದಿಗೆ ಸರಿಸುತ್ತದೆ. ಅವರು ಕೇಳಿದ್ದು, ಕೇಳುವವರು ಯಾರೂ ಇಲ್ಲವೇ ಎಂದು. ಬಹುಮಟ್ಟಿಗೆ ಇಲ್ಲ ಎಂಬುದೇ ಪ್ರಾಮಾಣಿಕವಾದ ಉತ್ತರ.

1997ರಲ್ಲಿ ಬಂದ ಮೊದಲ ಪುಸ್ತಕದ ಕೊನೆಯ ಔತಣವನ್ನೇ ನೋಡಿ. ಸ್ಲಿದರಿನ್ ತಂಡಕ್ಕೆ 472 ಅಂಕ, ಹ್ಯಾರಿಯ ಗ್ರಿಫಿಂಡರ್ ತಂಡಕ್ಕೆ 312. ಸಭಾಂಗಣದಲ್ಲಿ ಗೆದ್ದವರ ಬಣ್ಣದ ತೋರಣ ಕಟ್ಟಿಯಾಗಿದೆ. ಆಗ ಮುಖ್ಯೋಪಾಧ್ಯಾಯರಾದ ಡಂಬಲ್‌ಡೋರ್ ಎದ್ದು ನಿಂತು ಹ್ಯಾರಿಯ ಗೆಳೆಯರಾದ ರಾನ್‌ಗೆ 50, ಹರ್ಮಾಯಿನಿಗೆ 50, ಹ್ಯಾರಿಗೆ 60 ಎಂದು ಹಂಚಿ ಸಮ ಮಾಡುತ್ತಾರೆ, ಕೊನೆಗೆ ನೆವಿಲ್‌ಗೆ 10 ಕೊಟ್ಟು ತೋರಣವನ್ನೇ ಬದಲಿಸುತ್ತಾರೆ. ನಮ್ಮಲ್ಲಿ ಯಾವುದಾದರೂ ಶಾಲೆಯ ವಾರ್ಷಿಕೋತ್ಸವದಲ್ಲಿ ಹೀಗೆ ನಡೆದಿದ್ದರೆ ಮರುದಿನ ಬೆಳಿಗ್ಗೆಯೇ ಪೋಷಕರು ಗೇಟಿನ ಮುಂದೆ ಸೇರುತ್ತಿದ್ದರು. ನೆವಿಲ್‌ಗೆ ಸಿಕ್ಕ ಹತ್ತು ಅಂಕವನ್ನು ಮಾತ್ರ ನಾನು ಒಪ್ಪುತ್ತೇನೆ, ಏಕೆಂದರೆ ನಿಯಮ ಮುರಿಯಲು ಹೊರಟ ತನ್ನ ಗೆಳೆಯರನ್ನೇ ಅಡ್ಡಗಟ್ಟಿದವನು ಅವನೊಬ್ಬನೇ.

ಕೇಳುವವರು ಇದ್ದ ಸಂದರ್ಭವೊಂದು ಆರನೆಯ ಪುಸ್ತಕದಲ್ಲಿದೆ (ಮಗಳು ಇನ್ನೂ ಓದಿಲ್ಲವಾದ್ದರಿಂದ ಈ ಭಾಗವನ್ನು ಅವಳಿಗೆ ತೋರಿಸಬೇಡಿ). ಯಾರೋ ಹಳೆಯ ವಿದ್ಯಾರ್ಥಿ ಪಠ್ಯಪುಸ್ತಕದ ಅಂಚಿನಲ್ಲಿ ಗೀಚಿದ ಮಂತ್ರವೊಂದನ್ನು, ಅದರ ಪರಿಣಾಮವೇನೆಂದು ತಿಳಿಯದೆಯೇ, ಜಗಳದ ಬಿಸಿಯಲ್ಲಿ ಹ್ಯಾರಿ ಸಹಪಾಠಿಯ ಮೇಲೆ ಪ್ರಯೋಗಿಸುತ್ತಾನೆ. ಆ ಹುಡುಗ ರಕ್ತದ ಮಡುವಿನಲ್ಲಿ ಬೀಳುತ್ತಾನೆ. ಪುಸ್ತಕ ತಂದು ತೋರಿಸು ಎಂದು ಅಧ್ಯಾಪಕ ಸ್ನೇಪ್ ಹೇಳಿದಾಗ ಹ್ಯಾರಿ ತನ್ನದನ್ನು ಬಚ್ಚಿಟ್ಟು ರಾನ್‌ನ ಪ್ರತಿಯನ್ನು ತಂದೊಪ್ಪಿಸುತ್ತಾನೆ. ಅದರೊಳಗೆ ರಾನ್‌ನ ಹೆಸರು ವಿಚಿತ್ರವಾಗಿ ತಪ್ಪು ಬರೆದಿರುತ್ತದೆ, ಅದು ನನ್ನ ಅಡ್ಡಹೆಸರು ಎಂದು ಕಣ್ಣು ಮಿಟುಕಿಸದೆ ಹೇಳುತ್ತಾನೆ. ಓದುವಾಗ ನಗು ಬರುತ್ತದೆ, ಆದರೆ ಅದಕ್ಕೆ ಮೊದಲಿನ ಪುಟದಲ್ಲಿ ಒಬ್ಬ ಹುಡುಗ ಸಾಯುವುದರಲ್ಲಿದ್ದ. ಶಿಕ್ಷೆಯಾಗಿ ಹ್ಯಾರಿ ಶನಿವಾರಗಳಂದು ಕುಳಿತು ಹಳೆಯ ಅಪರಾಧಗಳ ಚೀಟಿಗಳನ್ನು ನಕಲು ಮಾಡಬೇಕಾಗುತ್ತದೆ, ಮತ್ತು ಆ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಅವನ ಸತ್ತ ತಂದೆಯ ಹೆಸರು. ನಾಯಕನನ್ನು ಎಲ್ಲ ಕಡೆಯೂ ಸಮರ್ಥಿಸಿಕೊಳ್ಳುವ ಅಭಿಮಾನಿಗಳಿಗಿಂತ ಗೆರೆ ಎಳೆಯುವ ಅಜ್ಜನೇ ಈ ಸರಣಿಗೆ ಒಳ್ಳೆಯ ಓದುಗರೆಂದು ನನಗೆ ಅನ್ನಿಸುತ್ತದೆ.

ಉತ್ತರ 3: ಹಿತ್ತಿಲಬಾಗಿಲು

ಹ್ಯಾರಿ ಹೇಳಿದ ಸುಳ್ಳುಗಳ ಬಗ್ಗೆ ಚರ್ಚೆಯಾಯಿತು. ಹ್ಯಾರಿಗೆ ಹೇಳಿದ ಸುಳ್ಳೊಂದು ನನ್ನನ್ನು ಬಹಳ ದಿನ ಕಾಡಿತ್ತು. ಐದನೆಯ ಪುಸ್ತಕದಲ್ಲಿ ತನ್ನ ಸತ್ತ ತಂದೆಯ ಆಪ್ತ ಗೆಳೆಯ ಸಿರಿಯಸ್ ಮನೆಯಲ್ಲಿದ್ದಾನೆಯೇ ಎಂದು ತಿಳಿಯಲು ಹ್ಯಾರಿ ಅಂಬ್ರಿಜ್‌ಳ ಕೋಣೆಯ ಅಗ್ಗಿಷ್ಟಿಕೆಯಲ್ಲಿ ತಲೆಯಿಟ್ಟು ಕೇಳಿದಾಗ, ಆ ಮನೆಯ ಆಳು ಕ್ರೀಚರ್ ಯಜಮಾನರು ಇಲ್ಲ ಎಂದು ಹೇಳಿ ನಗುತ್ತಾನೆ. ಯಜಮಾನ ಮಹಡಿಯ ಮೇಲಿದ್ದ. ಆ ಒಂದು ಸುಳ್ಳನ್ನು ನಂಬಿ, ಸಿರಿಯಸ್ ಶತ್ರುಗಳ ಕೈಗೆ ಸಿಕ್ಕಿದ್ದಾನೆಂದು ಮಕ್ಕಳೆಲ್ಲ ಅವನನ್ನು ಬಿಡಿಸಲು ಹೊರಡುತ್ತಾರೆ, ಅವರನ್ನು ಉಳಿಸಲು ಬಂದ ಸಿರಿಯಸ್ ಸಾಯುತ್ತಾನೆ.

ಆ ಮುದಿ ಆಳು ಸುಳ್ಳು ಹೇಳುವ ಮಟ್ಟಕ್ಕೆ ಬಂದದ್ದು ಹೇಗೆ ಎಂಬುದರಲ್ಲಿ ನನಗೆ ಪಾಠ ಕಂಡಿತು. ಸಿರಿಯಸ್ ಒಳ್ಳೆಯವನು, ಗೆಳೆಯರಿಗಾಗಿ ಪ್ರಾಣ ಕೊಡುವವನು. ಆದರೆ ತನ್ನ ಮನೆಯ ಆಳಿನ ಮುಖವನ್ನು ನೋಡಿ ಮಾತನಾಡಿದವನಲ್ಲ. ದ್ವೇಷಕ್ಕಿಂತ ಉಪೇಕ್ಷೆಯೇ ಹೆಚ್ಚು ಕೆಡುಕು ಮಾಡುತ್ತದೆ ಎಂಬ ಅರ್ಥದ ಮಾತನ್ನು ಡಂಬಲ್‌ಡೋರ್ ಹೇಳಿದಾಗ ಹ್ಯಾರಿಗೆ ಕೆಂಡದಂಥ ಕೋಪ ಬರುತ್ತದೆ, ಏಕೆಂದರೆ ಸತ್ತವನ ತಪ್ಪನ್ನು ಕೇಳಲು ಅವನು ಸಿದ್ಧನಿಲ್ಲ. ಹರ್ಮಾಯಿನಿ ಮಾತ್ರ ಇದನ್ನು ಮೊದಲಿನಿಂದಲೂ ಹೇಳುತ್ತಿದ್ದಳು, ಗೆಳೆಯರು ಅವಳನ್ನು ಗೇಲಿ ಮಾಡುತ್ತಿದ್ದರು. ಏಳನೆಯ ಪುಸ್ತಕದಲ್ಲಿ ಹ್ಯಾರಿ ಅದೇ ಆಳಿನ ಕಥೆಯನ್ನು ಕುಳಿತು ಪೂರ್ತಿ ಕೇಳಿಸಿಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ನಿಮ್ಮ ಮಗಳು ತಾನೇ ಓದಿ ತಿಳಿಯಲಿ.

ನಾನು ಬೆಳೆದ ಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದಾಕೆಯ ಲೋಟವನ್ನು ಹಿತ್ತಿಲ ಕಿಟಕಿಯ ಮೇಲೆ ಕವುಚಿ ಇಡುತ್ತಿದ್ದರು, ಕಾಫಿಯನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಇಪ್ಪತ್ತು ವರ್ಷ ಬಂದುಹೋದ ಆಕೆಗೆ ಮಕ್ಕಳು ಎಷ್ಟೆಂದು ನನಗೆ ಇಂದಿಗೂ ಗೊತ್ತಿಲ್ಲ. ಈ ಪುಸ್ತಕ ಓದುವವರೆಗೆ ಅದು ನನಗೆ ಹೊಳೆದೂ ಇರಲಿಲ್ಲ.

ಉತ್ತರ 4: ಗ್ರಂಥಾಲಯದ ಮೂಲೆ

ಎರಡು ಸಣ್ಣ ಸಂಗತಿಗಳನ್ನು ಸೇರಿಸುತ್ತೇನೆ. ಹೇಳದೇ ಉಳಿಸಿಕೊಂಡ ಸತ್ಯವೂ ಈ ಸರಣಿಯಲ್ಲಿದೆ. ಚಿತ್ರಹಿಂಸೆಯಿಂದ ಬುದ್ಧಿ ಕಳೆದುಕೊಂಡು ಆಸ್ಪತ್ರೆಯಲ್ಲಿರುವ ನೆವಿಲ್‌ನ ತಂದೆತಾಯಿಯರ ವಿಷಯ ಹ್ಯಾರಿಗೆ ಮೊದಲೇ ತಿಳಿದಿರುತ್ತದೆ, ಆದರೆ ಡಂಬಲ್‌ಡೋರ್‌ಗೆ ಕೊಟ್ಟ ಮಾತಿನಂತೆ ಆಪ್ತ ಗೆಳೆಯರಿಗೂ ಬಾಯಿಬಿಡುವುದಿಲ್ಲ. ಮುಂದೆ ಆ ಆಸ್ಪತ್ರೆಯಲ್ಲಿ ಎಲ್ಲರೂ ಎದುರಾದಾಗ, ತಾಯಿ ಬಂದು ಮಗನ ಕೈಗೆ ಖಾಲಿ ಚೂಯಿಂಗ್ ಗಮ್ ಕಾಗದವೊಂದನ್ನು ಹಾಕುತ್ತಾಳೆ. ಕಸದ ಬುಟ್ಟಿಗೆ ಹಾಕು ಎಂದು ಅಜ್ಜಿ ಹೇಳುತ್ತಾಳೆ. ನೆವಿಲ್ ಅದನ್ನು ಜೇಬಿಗೆ ಸೇರಿಸಿದ್ದನ್ನು ಹ್ಯಾರಿ ನೋಡುತ್ತಾನೆ. ಲೇಖಕಿ ಅಲ್ಲಿ ಒಂದು ಮಾತನ್ನೂ ವಿವರಿಸುವುದಿಲ್ಲ.

ಇನ್ನೊಂದು, ಮಗಳು ಅಜ್ಜನಿಗೆ ಕಥೆ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಇಟಲಿಯಲ್ಲಿ ಐದನೆಯ ತರಗತಿಯ 34 ಮಕ್ಕಳೊಂದಿಗೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಸರಣಿಯಲ್ಲಿ ತಾರತಮ್ಯವನ್ನು ತೋರಿಸುವ ಭಾಗಗಳನ್ನು ಓದಿದ ಗುಂಪಿನಲ್ಲಿ, ಹ್ಯಾರಿಯೊಂದಿಗೆ ತಮ್ಮನ್ನು ಗುರುತಿಸಿಕೊಂಡ ಮಕ್ಕಳಿಗೆ ವಲಸಿಗರ ಬಗೆಗಿನ ಭಾವನೆ ಸುಧಾರಿಸಿದ್ದು ಕಂಡುಬಂತು. ಆ ಮಕ್ಕಳು ಸುಮ್ಮನೆ ಓದಿರಲಿಲ್ಲ, ಓದಿದ್ದನ್ನು ಸಣ್ಣ ಗುಂಪುಗಳಲ್ಲಿ ಕುಳಿತು ಮಾತನಾಡಿದ್ದರು. ಅಷ್ಟು ಚಿಕ್ಕ ಗುಂಪಿನಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ಆದರೂ ನಿಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿರುವುದು ಅದೇ ಅಲ್ಲವೇ?

ಮರುನುಡಿ: ಓದುಗಿತ್ತಿ

ಎಲ್ಲರಿಗೂ ಧನ್ಯವಾದಗಳು. ಆರು ಮತ್ತು ಏಳನೆಯ ಪುಸ್ತಕಗಳ ಮಾತನ್ನು ಬಿಟ್ಟು ಉಳಿದದ್ದನ್ನು ನಿನ್ನೆ ರಾತ್ರಿ ಇಬ್ಬರಿಗೂ ಓದಿ ಹೇಳಿದೆ. ಲೇಖನಿಯ ಭಾಗಕ್ಕೆ ನನ್ನ ತಂದೆ ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ "ನಾನೂ ಮಕ್ಕಳಿಂದ ನೂರು ಸಲ ಬರೆಸಿದ್ದೇನೆ" ಎಂದಷ್ಟೇ ಹೇಳಿದರು. ಅಂಕ ಹಂಚಿದ ವಿಷಯದಲ್ಲಿ ಅವರು ಪೂರ್ತಿಯಾಗಿ 'ಒಪ್ಪದವ'ರ ಪಕ್ಷ.

ಆಗ ಮಗಳು ಎದ್ದುಹೋಗಿ ಮೊದಲ ಪುಸ್ತಕವನ್ನು ತಂದು, ಮನಸ್ಸಿನ ಆಳದ ಆಸೆಯನ್ನು ತೋರಿಸುವ ಕನ್ನಡಿಯ ಅಧ್ಯಾಯದ ಕೊನೆಯ ಪುಟವನ್ನು ತೆರೆದಳು. ಆ ಕನ್ನಡಿಯಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಹ್ಯಾರಿ ಕೇಳಿದಾಗ, ಉಣ್ಣೆಯ ಕಾಲುಚೀಲ ಹಿಡಿದುಕೊಂಡ ನಾನೇ ಕಾಣುತ್ತೇನೆ ಎಂದು ಡಂಬಲ್‌ಡೋರ್ ಹೇಳುತ್ತಾರೆ. ಹಾಸಿಗೆಗೆ ಮರಳಿದ ಮೇಲೆ, ಅವರು ಪೂರ್ತಿ ನಿಜ ಹೇಳಿರಲಿಕ್ಕಿಲ್ಲ ಎಂದು ಹ್ಯಾರಿಗೆ ಹೊಳೆಯುತ್ತದೆ. ತಾನು ಕೇಳಿದ ಪ್ರಶ್ನೆಯೂ ಹಾಗೆ ಕೇಳಬಾರದಂಥದ್ದು ಎಂದುಕೊಂಡು ಸುಮ್ಮನಾಗುತ್ತಾನೆ.

"ಇದನ್ನು ಎಲ್ಲಿ ಬರೆಯುತ್ತೀರಿ, ಅಜ್ಜ?" ಎಂದು ಅವಳು ಕೇಳಿದಳು. ನನ್ನ ತಂದೆ ಕನ್ನಡಕ ಏರಿಸಿಕೊಂಡು, ಕ್ಯಾಲೆಂಡರ್ ಹಾಳೆಯ ಮೇಲೆ ಸ್ಕೇಲು ಇಟ್ಟು ಉದ್ದಕ್ಕೆ ಒಂದು ಹೊಸ ಗೆರೆ ಎಳೆದು, ಮೇಲ್ಗಡೆ 'ಮುಖ್ಯೋಪಾಧ್ಯಾಯರು' ಎಂದು ಬರೆದರು. ಅದರ ಕೆಳಗೆ ಗುರುತು ಹಾಕಲೋ ಬೇಡವೋ ಎಂಬುದು ಇಂದು ಬೆಳಗಿನ ಕಾಫಿಯವರೆಗೂ ತೀರ್ಮಾನವಾಗಿರಲಿಲ್ಲ.