ಸುಮಾಳ ದವಡೆ ಹಲ್ಲಿನ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಸುಮಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ ಮಗಾ. ಟೈಪ್ ಮಾಡಲು ಕೂತರೆ ಸಂಜೆ ಆಗುತ್ತದೆ, ಮಾತಿನಲ್ಲೇ ಹೇಳುತ್ತೇನೆ. ಕೆಳಗಿನ ದವಡೆ ಹಲ್ಲಿನ ಹಳೇ ಬೆಳ್ಳಿ ಫಿಲ್ಲಿಂಗ್ ಹಾಳಾಗಿದೆ, ತೆಗೆದು ಬಿಳಿಯದ್ದು ಹಾಕಬೇಕು ಅಂದರಂತೆ ಡಾಕ್ಟರು. ನೋವೇ ಇಲ್ಲ, ಎಂತ ಮಾಡುವುದು ಅಂತ ಕೇಳಿದ್ದೀಯಲ್ಲ. ಹೆದರಬೇಡ. ನಮ್ಮ ಮನೆಯವರ ಹಲ್ಲಿನ ಕಥೆ ಎಲ್ಲರಿಗೂ ಗೊತ್ತೇ ಉಂಟು. ಅಜ್ಜನಿಂದ ಹಿಡಿದು ಪುಟ್ಟಣ್ಣನವರೆಗೆ ಹಿಂದಿನ ಹಲ್ಲೇ ಮೊದಲು ಕೈಕೊಡುವುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೋ. ಎಕ್ಸ್‌ರೇ ತೆಗೆದು, ಹುಳುಕು ಎಲ್ಲಿದೆ ಅಂತ ನಿನ್ನ ಕಣ್ಣಿಗೆ ತೋರಿಸದೆ ಹಳೇ ಫಿಲ್ಲಿಂಗ್ ಕೊರೆಯಲು ಬಿಡಬೇಡ.

ನನ್ನ ಎಡಗಡೆ ಹಲ್ಲಿನ ವಿಷಯ ಅರ್ಧ ಎಲ್ಲರಿಗೂ ಗೊತ್ತು, ಪೂರ್ತಿ ಯಾರೂ ಕೇಳಿಲ್ಲ. ಆ ಬೆಳ್ಳಿ ಫಿಲ್ಲಿಂಗ್ ಹಾಕಿಸಿದ್ದು 1988ರಲ್ಲಿ, ನಾನು ಮೂಲ್ಕಿಯಲ್ಲಿ ಟೀಚರ್ ಆಗಿದ್ದಾಗ. ಅದೇ ಹಲ್ಲಿನಲ್ಲಿ ಕೋರಿ ರೊಟ್ಟಿ ಜಗಿದಿದ್ದೇನೆ, ಹಲಸಿನ ಹಪ್ಪಳ ಕಡಿದಿದ್ದೇನೆ. ಒಂದು ದಿನ ಚುರುಕ್ ಅಂದದ್ದಿಲ್ಲ. 2011ರಲ್ಲಿ ಹಲ್ಲು ಕ್ಲೀನ್ ಮಾಡಿಸಲು ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಕನ್ನಡಿ ಹಿಡಿದು ನೋಡಿದರು. ‘ಅಮ್ಮಾ, ಸುತ್ತ ಕಪ್ಪಾಗಿದೆ, ಒಳಗೆ ಹುಳುಕಿದೆ’ ಅಂದರು. ಎಕ್ಸ್‌ರೇ ಇಲ್ಲ, ಎಂತದೂ ಇಲ್ಲ. ಅವತ್ತೇ ಕೊರೆದರು. ಬಾಯಿ ತುಂಬ ಎಂಜಲು, ನಾಲಗೆ ಅಡಿಯ ಹತ್ತಿಯುಂಡೆ ನೆನೆದು ಮುದ್ದೆಯಾಗಿತ್ತು. ಆ ಒದ್ದೆಯಲ್ಲೇ ಬಿಳಿ ಫಿಲ್ಲಿಂಗ್ ತುಂಬಿ ನೀಲಿ ಲೈಟ್ ಹಿಡಿದರು.

ವರ್ಷ ತುಂಬುವುದರೊಳಗೆ ಹಲ್ಲಿನ ಸಂದಿಯಲ್ಲಿ ಮೀನಿನ ನಾರು ಸಿಕ್ಕಿಹಾಕಿಕೊಳ್ಳತೊಡಗಿತು. ದಾರ ಹಾಕಿ ಎಳೆದರೆ ದಾರವೇ ಎಳೆ ಎಳೆಯಾಗಿ ಹೊರಗೆ ಬರುತ್ತಿತ್ತು. ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು. ಮತ್ತೆ ಅಲ್ಲಿಗೇ ಹೋದರೆ ಮತ್ತೆ ಕೊರೆದು ಇನ್ನೂ ದೊಡ್ಡದು ಹಾಕಿದರು. ಆಮೇಲೆ ಚಕ್ಕುಲಿ ತಿನ್ನುವಾಗ ನಾಲಗೆ ಬದಿಯ ಗೋಡೆ ಇಡೀ ಕಿತ್ತು ಕೈಗೆ ಬಂತು. ಕೊನೆಗೆ ರೂಟ್ ಕೆನಾಲ್, ಕ್ಯಾಪ್. ಸುಮ್ನೆ ಇದ್ದ ಹಲ್ಲು ಅದು, ಮಾರಾಯ್ತಿ! ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ರೂಟ್ ಕೆನಾಲ್ ಮಾಡಿದ್ದು ಮಂಗಳೂರು ಹತ್ತಿರದ ದೇರಳಕಟ್ಟೆಯ ಡೆಂಟಲ್ ಕಾಲೇಜಿನಲ್ಲಿ. ಅಲ್ಲಿಯ ಮೇಡಂ ತಾಳ್ಮೆಯಿಂದ ಕೂತು ವಿವರಿಸಿದರು. ಬೆಳ್ಳಿ ಫಿಲ್ಲಿಂಗ್ ಹಳೆಯದಾದ ಹಾಗೆ ಅಂಚು ಕಪ್ಪಾಗುತ್ತದೆ, ಹಲ್ಲಿಗೂ ಬೂದು ಬಣ್ಣ ಹತ್ತುತ್ತದೆ. ಅದು ಬರೀ ಬಣ್ಣ, ಅದನ್ನು ನೋಡಿಯೇ ಹುಳುಕು ಅನ್ನುವ ಹಾಗಿಲ್ಲ. ಫಿಲ್ಲಿಂಗಿನ ತುಕ್ಕೇ ಅಂಚಿನ ಸಣ್ಣ ಸಂದನ್ನು ಮುಚ್ಚುವುದೂ ಉಂಟಂತೆ. ನಿಜವಾದ ಹುಳುಕು ಹೆಚ್ಚಾಗಿ ಎರಡು ಹಲ್ಲುಗಳ ನಡುವೆ, ಒಸಡಿನ ಹತ್ತಿರ, ಫಿಲ್ಲಿಂಗಿನ ತಳದ ಅಂಚಿನಲ್ಲಿ ಶುರುವಾಗುತ್ತದೆ. ಕನ್ನಡಿಯಲ್ಲಿ ಅದು ಕಾಣುವುದು ಕಷ್ಟ. ಅದಕ್ಕೇ ಹಲ್ಲು ಕಚ್ಚಿ ಹಿಡಿದು ತೆಗೆಯುವ ಬೈಟ್‌ವಿಂಗ್ ಎಕ್ಸ್‌ರೇ. ಅದರಲ್ಲಿ ಬೆಳ್ಳಿ ಫಿಲ್ಲಿಂಗ್ ಅಚ್ಚ ಬಿಳಿ, ಹುಳುಕಿದ್ದರೆ ಪಕ್ಕದಲ್ಲಿ ಕಪ್ಪು ನೆರಳು.

ಅಂಚು ಸ್ವಲ್ಪ ಚಕ್ಕೆ ಎದ್ದಿದ್ದರೆ ಇಡೀ ಫಿಲ್ಲಿಂಗ್ ತೆಗೆಯಬೇಕಾಗಿಲ್ಲ. ಒಂದು ಹಂಚು ಒಡೆದರೆ ಮಾಡು ಇಡೀ ಬಿಚ್ಚುತ್ತೇವಾ? ಅಷ್ಟೇ ಜಾಗ ಕೊರೆದು ರಿಪೇರಿ ಮಾಡಬಹುದು, ಇಲ್ಲವೇ ಉಜ್ಜಿ ನಯ ಮಾಡಬಹುದು. ಯಾಕೆಂದರೆ ಪ್ರತಿ ಸಲ ಫಿಲ್ಲಿಂಗ್ ತೆಗೆಯುವಾಗ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ, ಒಂದು ದಿನ ಮುರಿಯುತ್ತದೆ. ಬಿಳಿ ಫಿಲ್ಲಿಂಗ್ ಕೆಟ್ಟದ್ದು ಅಂತ ಅಲ್ಲ. ಆದರೆ ಅದು ಲೈಟಿಗೆ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಹಾಕುವಾಗ ಜಾಗ ಒಣಗಿರಲೇಬೇಕು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಮಾಡುವುದು ಅದಕ್ಕೇ. ನನಗೆ ಆ ಕ್ಲಿನಿಕ್ಕಿನಲ್ಲಿ ಯಾರು ಕಟ್ಟಿದ್ದರು?

ಮತ್ತೆ ರಮೇಶ ಹೋದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನಲ್ಲ, ಬೆಳ್ಳಿ ಫಿಲ್ಲಿಂಗಿನಲ್ಲಿ ಪಾದರಸ ಉಂಟು, ಎಲ್ಲರೂ ತೆಗೆಸಿ ಅಂತ. ಪಾದರಸ ಸುಮಾರು ಅರ್ಧದಷ್ಟು ಇರುವುದು ಹೌದು. ಯುರೋಪಿನ ಒಕ್ಕೂಟದಲ್ಲಿ 2025ರ ಜನವರಿಯಿಂದ ಹೊಸದಾಗಿ ಹಾಕುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದೂ ಹೌದು. ಆದರೆ ಗಟ್ಟಿ ಇರುವುದನ್ನು ಸುಮ್ನೆ ಕೀಳಬೇಡಿ ಅಂತ ಔಷಧ, ಚಿಕಿತ್ಸೆಯ ಸಾಮಾನು ನೋಡಿಕೊಳ್ಳುವ ಅಮೆರಿಕದ ಸರಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲೇ ಹೇಳಿದೆ. ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು. ರಮೇಶಾ, ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಯೋಚಿಸು.

ಹಾಗಾಗಿ ಸುಮಾ, ಇನ್ನೊಮ್ಮೆ ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಹುಳುಕು ತೋರಿಸದೆ ಕೊರೆಯಲು ಬಿಡಬೇಡ.

ಹೇಳುವಾಗ ಎಲ್ಲ ನೆನಪಾಗುತ್ತದೆ. ಆ ಹಲ್ಲು ಬಾತುಕೊಂಡದ್ದು ನಮ್ಮ ಕುಟುಂಬದ ಮೂಲ ಮನೆ, ತರವಾಡಿನಲ್ಲಿ, ದೈವದ ನೇಮ ಇದ್ದ ವಾರ. ಕೆನ್ನೆ ಇಷ್ಟು ದಪ್ಪ. ಮನೆ ತುಂಬ ಜನ. ಪಲ್ಯ ತನ್ನಿ, ಸಾರು ತನ್ನಿ ಅನ್ನಲು ಎಲ್ಲರಿಗೂ ದೊಡ್ಡಮ್ಮ ಬೇಕು. ಮುಖ ಯಾಕೆ ಹೀಗಾಗಿದೆ ಅಂತ ಒಬ್ಬರೂ ಕೇಳಲಿಲ್ಲ. ಎರಡು ಕಾರು ಅಂಗಳದಲ್ಲೇ ನಿಂತಿದ್ದವು. ನಾನು ಬಸ್ಸಿನಲ್ಲಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಸೆರಗಿನಲ್ಲಿ ಕೆನ್ನೆ ಒತ್ತಿಕೊಂಡು ದೇರಳಕಟ್ಟೆಗೆ ಹೋದೆ. ನಿಮ್ಮ ದೊಡ್ಡಪ್ಪ ಇದ್ದಿದ್ದರೆ ಹಾಗಾಗುತ್ತಿತ್ತಾ? ಈಗಲೂ ಅಷ್ಟೇ. ಗ್ರೂಪಿನಲ್ಲಿ ನನ್ನ ಮಾತಿಗೆ ನೀಲಿ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಬೇಸರ ಆಗುತ್ತದೆ, ಹೇಳಬೇಕು ಅನಿಸಿತು, ಹೇಳಿದೆ.

ಅಯ್ಯೋ, ಮುಖ್ಯ ವಿಷಯ ಬಿಟ್ಟೇ ಹೋಗುತ್ತಿತ್ತು. ನೋವಿಲ್ಲ ಅಂತ ಸುಮ್ನೆ ಕೂರುವುದೂ ಬೇಡ, ಒಳಗಿನ ಹುಳುಕು ಮೊದಮೊದಲು ನೋಯುವುದಿಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸು. ದೇರಳಕಟ್ಟೆ ದೂರವಾದರೆ ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯ ಮಣಿಪಾಲದವರ ಡೆಂಟಲ್ ಕಾಲೇಜಿಗೆ ಹೋಗು. ಹಳೇ ಎಕ್ಸ್‌ರೇ ಇದ್ದರೆ ತೆಗೆದುಕೊಂಡು ಹೋಗು, ಹೊಸದರ ಪಕ್ಕ ಇಟ್ಟು ನೋಡಿದರೆ ನೆರಳು ಬೆಳೆದಿದೆಯಾ ಅಂತ ಗೊತ್ತಾಗುತ್ತದೆ. ಅಷ್ಟಕ್ಕೇ ರಿಪೇರಿ ಆಗುತ್ತದಾ, ಗೋಡೆ ಎಷ್ಟು ಉಳಿದಿದೆ, ಕ್ಯಾಪ್ ಬೇಕಾ, ಆರು ತಿಂಗಳು ಕಾದು ನೋಡಬಹುದಾ, ಇಷ್ಟು ಕೇಳು. ನಿನ್ನ ಶುಗರಿನ ವಿಷಯವನ್ನೂ ಹೇಳು, ಅದರಿಂದ ಬಾಯಿ ಒಣಗಬಹುದು, ಬಾಯಿ ಒಣಗುವವರಿಗೆ ಹುಳುಕು ಬೇಗ ಬರುತ್ತದೆ. ಕಚ್ಚಿ ಬಿಡುವಾಗ ಚುಳ್ ಅಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ತಣ್ಣೀರು ಕುಡಿದು ಆದ ಮೇಲೂ ನೋವು ಉಳಿದರೆ, ರಾತ್ರಿ ಸಿಡಿದರೆ ಕಾಯಬೇಡ, ಮರುದಿನವೇ ಹೋಗು.

ಬೆಳಿಗ್ಗೆ ಬೇಗ ಹೋಗು, ಕಾಲೇಜಿನಲ್ಲಿ ಹೆಸರು ಬರೆಸಲು ಕ್ಯೂ ಇರುತ್ತದೆ. ಅಲ್ಲಿಯವರೆಗೆ ಆ ಬದಿಯಲ್ಲಿ ಗಟ್ಟಿ ತಿಂಡಿ ಜಗಿಯಬೇಡ.