ಚೆಸ್‌ನಲ್ಲಿ ಫ್ರೆಂಚ್ ಡಿಫೆನ್ಸ್ ಎದುರು ಮಿಲ್ನರ್-ಬ್ಯಾರಿ ಗ್ಯಾಂಬಿಟ್: 10...ಎ6 ಬಂದಮೇಲೆ ದಾಳಿ ನಿಂತುಹೋಗುತ್ತಿದೆ

ವಿರಾಜಪೇಟೆ_ಬಿಳಿ:
ಮುಂದಿನ ಭಾನುವಾರ ಗೋಣಿಕೊಪ್ಪದಲ್ಲಿ ರ್‍ಯಾಪಿಡ್ ಚೆಸ್ ಟೂರ್ನಿ ಇದೆ, ಒಬ್ಬರಿಗೆ 15 ನಿಮಿಷ + ಪ್ರತಿ ನಡೆಗೆ 10 ಸೆಕೆಂಡ್. ಅದಕ್ಕೆ ಕಪ್ಪಿನ ಫ್ರೆಂಚ್ ಡಿಫೆನ್ಸ್ (1.ಇ4ಕ್ಕೆ ಇ6) ಎದುರು ಬಿಳಿ ಒಂದು ಪಾನ್ (ಕಾಲಾಳು) ಬಿಟ್ಟುಕೊಟ್ಟು ದಾಳಿ ಮಾಡುವ ಈ ಲೈನ್ (ನಡೆಗಳ ಸರಣಿ) ಸರಿಮಾಡಿಕೊಳ್ಳಬೇಕು (ಕು = ಕುದುರೆ, ಒಂ = ಒಂಟೆ, ರಾ = ರಾಣಿ, ಹೆಸರಿಲ್ಲದ್ದು ಪಾನ್ ನಡೆ, × = ಹೊಡೆಯುವುದು, ಸಂಖ್ಯೆಯ ಮುಂದೆ ... ಇದ್ದರೆ ಕಪ್ಪಿನ ನಡೆ):

1.ಇ4 ಇ6 2.ಡಿ4 ಡಿ5 3.ಇ5 ಸಿ5 4.ಸಿ3 ಕು-ಸಿ6 5.ಕು-ಎಫ್3 ರಾ-ಬಿ6 6.ಒಂ-ಡಿ3 ಸಿ×ಡಿ4 7.ಸಿ×ಡಿ4 ಒಂ-ಡಿ7 8.ಕ್ಯಾಸ್ಲಿಂಗ್ ಕು×ಡಿ4 9.ಕು×ಡಿ4 ರಾ×ಡಿ4 10.ಕು-ಸಿ3 ಎ6

ಇಲ್ಲಿ 11.ಆನೆ-ಇ1 ಆಡುತ್ತೇನೆ. ಕಪ್ಪು ಕು-ಇ7 ಆಡುತ್ತದೆ. ಎಫ್4 ತಳ್ಳೋಣ ಅಂದರೆ ಆ್ಯಪ್ ಆ ನಡೆಯನ್ನೇ ತೆಗೆದುಕೊಳ್ಳುವುದಿಲ್ಲ. ಒಂದು ಪಾನ್ ಕೊಟ್ಟು ಸುಮ್ಮನೆ ಕೂತಂತಾಗಿದೆ.

ಪೊನ್ನಂಪೇಟೆ64:
ಆ್ಯಪ್ ಸರಿಯಾಗೇ ಇದೆ. ಡಿ4ರಲ್ಲಿರುವ ಕಪ್ಪು ರಾಣಿಯ ಓರೆ ಸಾಲು ನೋಡಿ: ಇ3, ಎಫ್2, ಜಿ1. ಎಫ್2 ಪಾನ್ ನಿಮ್ಮ ರಾಜನಿಗೆ ಅಡ್ಡ ನಿಂತಿದೆ, ಅದನ್ನು ಸರಿಸಿದರೆ ನೇರ ಚೆಕ್. ಹಾಗಾಗಿ ಎಫ್4ಕ್ಕೂ ಮೊದಲು ರಾಜ-ಎಚ್1 ಬೇಕೇ ಬೇಕು.

ಎಡವಟ್ಟಾಗಿರುವುದು 11ನೇ ನಡೆಯಲ್ಲಿ. ಆನೆ ಇ1ಕ್ಕೆ ಹೋದಮೇಲೆ ರಾಜ-ಎಚ್1 ಆಡಿದರೆ ಎಫ್2ಕ್ಕೆ ಕಾವಲೇ ಇರುವುದಿಲ್ಲ, ರಾಣಿ ಬಂದು ತಿನ್ನುತ್ತದೆ. 11.ರಾ-ಇ2 ಆಡಿ. ಇ5 ಮತ್ತು ಎಫ್2 ಎರಡನ್ನೂ ರಾಣಿ ಒಂದೇ ಕಾಯುತ್ತದೆ, ಆನೆ ಎಫ್1ರಲ್ಲೇ ಉಳಿಯುತ್ತದೆ. ಆಮೇಲೆ 11...ಕು-ಇ7 12.ರಾಜ-ಎಚ್1 ಕು-ಸಿ6 13.ಎಫ್4.

ವಿರಾಜಪೇಟೆ_ಬಿಳಿ:
ಈಗ ಅರ್ಥವಾಯಿತು ಸರ್. 13...ಕು-ಬಿ4 ಬಂದರೆ ಒಂಟೆಯನ್ನು ಬಿ1ಕ್ಕೆ ತೆಗೆಯಬೇಕಾ?

ಪೊನ್ನಂಪೇಟೆ64:
ಬೇಡ, ಎ1ರ ಆನೆ ಒಳಗೇ ಸಿಕ್ಕಿಕೊಳ್ಳುತ್ತದೆ. ಒಂಟೆ ಬಿಟ್ಟುಕೊಡಿ: 14.ಆನೆ-ಡಿ1 ಕು×ಡಿ3 15.ಆನೆ×ಡಿ3. ರಾಣಿ ಮೇಲೆ ಏಟು, ಅದು ಓಡಲೇಬೇಕು. 15...ರಾ-ಬಿ6 16.ಒಂ-ಇ3 ಒಂ-ಸಿ5 17.ಒಂ×ಸಿ5 ರಾ×ಸಿ5 18.ಎಫ್5. ಕಪ್ಪು ರಾಜ ಇನ್ನೂ ಇ8ರಲ್ಲೇ ಇದ್ದಾನೆ. ಇ×ಎಫ್5 ಆದರೆ ಡಿ5ರ ಆಸರೆ ಹೋಗುತ್ತದೆ, 19.ಕು×ಡಿ5. 15...ರಾ-ಸಿ4 ಆದರೆ 16.ಬಿ3, ಮುಂದೆ ಒಂ-ಬಿ2. ರಾಣಿ-ರಾಣಿ ಬದಲಾವಣೆಗೆ ಮಾತ್ರ ಒಪ್ಪಬೇಡಿ, ಆಗ ಉಳಿಯುವುದು ಪಾನ್ ಸಾಲ ಒಂದೇ.

ಕಾವೇರಿ_ಓಪನಿಂಗ್ಸ್:
10...ರಾ×ಇ5 ಆಡುವವರೂ ಇದ್ದಾರೆ, ಅದಕ್ಕೂ ತಯಾರಿರಿ. 11.ಆನೆ-ಇ1 ನಿಮ್ಮ ನಡೆ ಸರಿಹೋಗುವುದು ಅಲ್ಲಿ! 11...ರಾ-ಬಿ8 12.ಕು×ಡಿ5. ಇ6 ಪಾನ್ ಈ ಕುದುರೆಯನ್ನು ಹೊಡೆಯುವಂತಿಲ್ಲ, ಹಿಂದೆ ಅದೇ ಸಾಲಿನಲ್ಲಿ ರಾಜ ಇದ್ದಾನೆ. 12...ಒಂ-ಡಿ6 ಬಂದರೆ 13.ರಾ-ಜಿ4, ಜಿ7 ಮೇಲೆ ಕಣ್ಣು. 11...ರಾ-ಡಿ6 ಆದರೆ 12.ಕು-ಬಿ5.

ಇನ್ನೊಂದು ಮಾತು: 7...ಒಂ-ಡಿ7 ಮರೆತು ಯಾರಾದರೂ ಆಗಲೇ ಡಿ4 ತಿಂದರೆ, 8.ಕು×ಡಿ4 ರಾ×ಡಿ4 9.ಒಂ-ಬಿ5 ಚೆಕ್, ರಾಣಿ ಹೋಯಿತು.

ಕಪ್ಪು ಸರಿಯಾಗಿ ಆಡಿದರೆ ಬಿಳಿಗೆ ಮೇಲುಗೈ ಇಲ್ಲ, ನಿಜ. ಆದರೆ 15 ನಿಮಿಷದಲ್ಲಿ ಕಪ್ಪಿಗೇ ಹೆಚ್ಚು ಕಷ್ಟ. ಈ ಮಳೆಗೆ ಕರೆಂಟ್, ನೆಟ್ ನಂಬಬೇಡಿ. ಬೋರ್ಡಿನ ಮೇಲೆ 10...ಎ6 ಪೊಸಿಷನ್ ಜೋಡಿಸಿಟ್ಟು ಕಪ್ಪಿನ ಕಡೆಯಿಂದಲೂ ಆಡಿ ನೋಡಿ.